ಎಂಜಲು ನೀರು

"ಗುರುಗಳೇ, ಎಲ್ಲರಿಗಿಂತ ಕೊನೆಗೆ ಬಂದು ಕೂರುವವನಿಗೆ ನಿಮ್ಮ ಪಾಠದಲ್ಲಿ ಏನು ಉಳಿದಿರುತ್ತದೆ?"

ಕೇಳಿದವನು ಚನ್ನವೀರ. ಮಠದ ಪಂಕ್ತಿಯಲ್ಲಿ ಬಡಿಸುವ ಕೆಲಸ ಅವನದು. ಎಲ್ಲರ ಊಟವಾಗಿ, ತಾನೂ ಎರಡು ತುತ್ತು ಉಂಡು, ಪಾತ್ರೆಗಳನ್ನು ಕವುಚಿಟ್ಟು ಬರುವಷ್ಟರಲ್ಲಿ ಮುಂದಿನ ಸಾಲುಗಳು ತುಂಬಿರುತ್ತಿದ್ದವು. ಅವನಿಗೆ ಉಳಿಯುತ್ತಿದ್ದದ್ದು ಹೊಸ್ತಿಲು. ಅವನು ಬಂದು ಕೂರುವ ತನಕ ಗುರುಗಳು ಬಾಯಿ ತೆರೆಯುತ್ತಿರಲಿಲ್ಲ. ಅದು ಮಾತ್ರ ಅವನ ಗಮನಕ್ಕೆ ಬಂದಿರಲಿಲ್ಲ. ಆ ದಿನ ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಉತ್ತರ ಸರಿಬಾರದಿದ್ದರೆ ಎದ್ದು ಹೊರಟುಬಿಡುವುದೆಂದು ತೀರ್ಮಾನ ಮಾಡಿದ್ದ.

ಗುರುಗಳು ಗಂಟನ್ನು ನೋಡಿದರು. ಸನ್ಯಾಸಕ್ಕೆ ಮುಂಚೆ ಅವರು ಹನ್ನೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವರು. ಹಾಗಾಗಿ ಅವರ ಕತೆಗಳಲ್ಲಿ ರಾಜರಿಗಿಂತ ಕಂಪ್ಯೂಟರುಗಳೇ ಹೆಚ್ಚು. ಕೆಲವು ಹಿರಿಯ ಶಿಷ್ಯರಿಗೆ ಇದು ಹಿಡಿಸುತ್ತಿರಲಿಲ್ಲ. ಗುರುಗಳು ಅದಕ್ಕೆಲ್ಲ ಕ್ಯಾರೇ ಎನ್ನುತ್ತಿರಲಿಲ್ಲ. ಅವರು ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಹೊಳೆ ಉಕ್ಕಿದರೆ ನೀರು ಯಾವ ಬೀದಿಗೆ ಎಷ್ಟು ಹೊತ್ತಿಗೆ ನುಗ್ಗುತ್ತದೆ ಎಂಬುದನ್ನು ಊರಿನವರಿಗೆ ಮೊದಲೇ ತೋರಿಸುವ ಚಿತ್ರವೊಂದನ್ನು ಮಾಡಿಕೊಡಲು ಅವರು ಒಪ್ಪಿಕೊಂಡಿದ್ದರು. ಲೆಕ್ಕ ಹಾಕುವವಳು ಅಕ್ಕ. ಆ ಲೆಕ್ಕವನ್ನು ಚಿತ್ರವಾಗಿಸುವವನು ತಮ್ಮ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಪ್ರೊಸೆಸರ್ ಅಕ್ಕನ ಲೆಕ್ಕಕ್ಕೆ ದುಡಿಯುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ ತಮ್ಮನ ಚಿತ್ರಕ್ಕೆ. ಎರಡೂ ಒಟ್ಟಿಗೆ ದುಡಿದರೆ ಪೆಟ್ಟಿಗೆ ಕಾದ ಹೆಂಚಿನಂತಾಗಿ ತಾನೇ ನಿಂತುಹೋಗುತ್ತಿತ್ತು. ಮಾಡಿದ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು. ಮಳೆಗಾಲಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು.

ಫ್ಯಾನುಗಳಿಂದ ಪ್ರಯೋಜನವಾಗಲಿಲ್ಲ. ನೀರು ಹರಿಸಿ ತಂಪು ಮಾಡುವುದೆಂದು ಇಬ್ಬರೂ ಒಪ್ಪಿದರು. ಅದರ ಕ್ರಮ ಕಷ್ಟದ್ದಲ್ಲ. ಒಂದು ಚಿಕ್ಕ ತೊಟ್ಟಿಯಿಂದ ಪಂಪು ನೀರನ್ನು ತಳ್ಳುತ್ತದೆ. ಕಾಯುವ ಭಾಗಗಳ ಮೇಲೆ ತಾಮ್ರದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ನೀರು ಅವುಗಳೊಳಗೆ ಹಾದು ಶಾಖವನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ತಣ್ಣಗಾಗುತ್ತದೆ, ತೊಟ್ಟಿಗೆ ಮರಳುತ್ತದೆ.

ತಮ್ಮ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದ. ಕೊಳವೆ ಎಲ್ಲಿ ಬಾಗಬೇಕು, ಎಷ್ಟು ಉದ್ದವಿರಬೇಕು, ನೀರು ಬದಲಿಸಲು ಎಲ್ಲಿಂದ ಬಸಿಯಬೇಕು, ಎಲ್ಲವನ್ನೂ ಅಳೆದ. ಕೈ ಪಳಗಿದವನ ಕೆಲಸ, ಹೆಸರಿಡುವ ಹಾಗಿರಲಿಲ್ಲ. ತೊಟ್ಟಿಯ ತಣ್ಣೀರನ್ನು ಮೊದಲು ತನ್ನ ಕಾರ್ಡಿಗೆ ಬಿಟ್ಟುಕೊಂಡಿದ್ದ. ಅದು ಬಿಸಿಯಾದ ಮೇಲೆ ಅಕ್ಕನ ಪ್ರೊಸೆಸರಿಗೆ. ಅಕ್ಕ ನೋಡಿದಳು, ರಬ್ಬರು ತೆಗೆದುಕೊಂಡು ಅಳಿಸಿದಳು, ತನ್ನದನ್ನು ಮೊದಲಿಗೆ ಹಾಕಿದಳು.

"ನೀನು ಬಿಸಿ ಮಾಡಿ ಬಿಟ್ಟ ಎಂಜಲು ನೀರು ನಂಗ್ಯಾಕಕ್ಕಾ?" ಎಂದ ತಮ್ಮ. "ನೀನು ಓದಿ ಬಿಟ್ಟ ಪುಸ್ತಕ, ನೀನು ತುಳಿದು ಬಿಟ್ಟ ಸೈಕಲ್ಲು, ಚಿಕ್ಕಂದಿನಿಂದ ನಂಗೆ ಬಂದಿದ್ದೆಲ್ಲ ಅದೇ. ಇದಾದ್ರೂ ಮೊದಲು ನಂಗೆ ಬರ್ಲಿ."

"ಲೆಕ್ಕವೇ ನಿಂತ್ರೆ ನೀನು ಏನನ್ನ ಬಿಡಿಸ್ತೀಯೋ?" ಎಂದಳು ಅಕ್ಕ.

ಇವನು ಬರೆದದ್ದನ್ನು ಅವಳು ಅಳಿಸಿದಳು, ಅವಳು ಬರೆದದ್ದನ್ನು ಇವನು. ಅಳಿಸಿ ಅಳಿಸಿ ಹಾಳೆ ಆ ಜಾಗದಲ್ಲಿ ತೂತು ಬಿತ್ತು. ಹೀಗೆ ಒಂಬತ್ತು ದಿನ ಹೋಯಿತು. ಪಂಪು, ರೇಡಿಯೇಟರು, ಬಿಲ್ಲೆಗಳು ಮೇಜಿನ ಮೇಲೆ ಧೂಳು ತಿನ್ನುತ್ತಿದ್ದವು.

ಹತ್ತನೆಯ ದಿನ ತಮ್ಮ ಹೊಸ ನಕ್ಷೆ ತಂದ. ಎರಡು ತೊಟ್ಟಿ, ಎರಡು ಪಂಪು, ಎರಡು ಸುತ್ತು. ಪೆಟ್ಟಿಗೆಯಲ್ಲಿ ಅಷ್ಟಕ್ಕೆಲ್ಲ ಜಾಗ ಎಲ್ಲಿಂದ ಬರಬೇಕು? ದೊಡ್ಡ ರೇಡಿಯೇಟರನ್ನು ಬಿಟ್ಟು, ಎರಡು ಚಿಕ್ಕವನ್ನು ಬರೆದಿದ್ದ. ಚಿಕ್ಕದು ತನ್ನ ಕಾರ್ಡಿಗೆ ಸಾಲದು ಎಂದು ಅವನಿಗೆ ಗೊತ್ತಿತ್ತು. ಸಾಲದಿದ್ದರೂ ಅದು ತನ್ನದೇ ಎಂಬ ಸಮಾಧಾನವಿತ್ತು.

ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. "ಹಾಗಾದ್ರೆ ಈ ಕೆಲಸ ಮುಗಿದ್ಮೇಲೆ ನಾವೂ ಎರಡಾಗೋಣ ಬಿಡು" ಎಂದು ಹೇಳಿ ಒಳಗೆ ಹೋದಳು. ಅವಳಿಲ್ಲದೆ ತಮ್ಮ ಯಾವ ಕೆಲಸವನ್ನೂ ಮಾಡಿದವನಲ್ಲ. ಆದರೂ ನಕ್ಷೆಯನ್ನು ಹರಿಯಲಿಲ್ಲ, ಹಟ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕೊಳವೆ ಕೂಡಿಸಲು ಒಬ್ಬ ನಲ್ಲಿ ಕೆಲಸದವನು ಬಂದ. ವಯಸ್ಸಾದವನು. ಕಂಪ್ಯೂಟರಿನ ಒಳಗನ್ನು ಆವರೆಗೆ ಕಂಡವನಲ್ಲ, ಆದರೆ ನಲವತ್ತು ವರ್ಷ ನೀರಿನ ಜೊತೆ ಬಾಳಿದವನು. ಎರಡು ನಕ್ಷೆಗಳನ್ನೂ ನೋಡಿದ, ಜಗಳವನ್ನೂ ಕೇಳಿದ. ಎರಡು ಸುತ್ತಿನ ನಕ್ಷೆಯನ್ನು ಮಡಿಸಿ ತಮ್ಮನ ಜೇಬಿಗೇ ಇಟ್ಟ.

"ನಾನು ಒಂದೇ ಸುತ್ತು ಕೂಡಿಸ್ತೀನಿ" ಎಂದ. "ಯಾರನ್ನ ಮೊದಲು ಇಟ್ಟೆ ಅಂತ ಹೇಳಲ್ಲ. ಓಡ್ಲಿ, ಆಮೇಲೆ ನೀವೇ ಹೇಳಿ."

ಇಬ್ಬರನ್ನೂ ಹೊರಗೆ ಕಳಿಸಿ ಮೆದು ಕೊಳವೆಯಲ್ಲಿ ಕೂಡಿಸಿದ. ಪಂಪೊಂದನ್ನೇ ಓಡಿಸಿ, ಕೂಡಿಸಿದ ಕಡೆಯಲ್ಲೆಲ್ಲ ಕಾಗದ ಇಟ್ಟು, ಸೋರುತ್ತದೆಯೇ ಎಂದು ಮಧ್ಯಾಹ್ನದವರೆಗೆ ನೋಡಿದ. ಒಂದು ಕಾಗದವೂ ನೆನೆಯಲಿಲ್ಲ. ಆಮೇಲೆ ಹೆಗಲ ಮೇಲಿನ ಟವೆಲನ್ನು ಕೊಳವೆಗಳ ಮೇಲೆ ಹೊದಿಸಿ ಇಬ್ಬರನ್ನೂ ಕರೆದ. ಅಕ್ಕ ಲೆಕ್ಕ ಹಚ್ಚಿದಳು, ತಮ್ಮ ಚಿತ್ರ ಹಚ್ಚಿದ. ಒಂದು ಗಂಟೆ ಕಳೆಯಿತು. ಕಂಪ್ಯೂಟರ್ ನಿಲ್ಲಲಿಲ್ಲ. ಆದರೆ ತಮ್ಮನ ಕಣ್ಣು ಪರದೆಯ ಮೂಲೆಯ ಎರಡು ಅಂಕಿಗಳ ಮೇಲೇ ಇತ್ತು. ಅಕ್ಕನ ಪ್ರೊಸೆಸರಿನ ಶಾಖ ಐವತ್ತೆಂಟು. ಅವನ ಕಾರ್ಡಿನದು ಅರವತ್ತನಾಲ್ಕು.

"ನೋಡಿ, ಎಂಜಲು ನೀರು ನಂಗೇ ಬಂತು!" ಎಂದ ತಮ್ಮ. "ನಂಗೆ ಗೊತ್ತಾಗಲ್ವಾ? ಹುಟ್ಟಿದಾಗಿಂದ ಅನುಭವಿಸಿದೀನಿ."

ಮುದುಕ ಟವೆಲನ್ನು ಎತ್ತಿದ. ಪಂಪಿನಿಂದ ಹೊರಟ ಕೊಳವೆ ನೇರವಾಗಿ ತಮ್ಮನ ಕಾರ್ಡಿಗೇ ಹೋಗಿತ್ತು.

ತಮ್ಮನ ಮುಖ ಕೆಂಪಾಯಿತು. ಅಕ್ಕನಿಗೆ ನಗು ಬಂತು. "ನಗಬೇಡ ಕಣವ್ವಾ, ನಿನ್ನ ಸರದಿಯೂ ಇದೆ" ಎಂದ ಮುದುಕ. ಯಂತ್ರವನ್ನು ನಿಲ್ಲಿಸಿ, ನೀರು ಬಸಿದು, ಕೊಳವೆಗಳನ್ನು ಅದಲು ಬದಲು ಮಾಡಿ, ಮತ್ತೆ ಓಡಿಸಿದ. ಈಗ ತಣ್ಣೀರು ಮೊದಲು ಅಕ್ಕನಿಗೆ. ಮತ್ತೊಂದು ಗಂಟೆ ಕಳೆದ ಮೇಲೆ ನೋಡಿದರೆ ಪ್ರೊಸೆಸರ್ ಐವತ್ತೇಳು, ಕಾರ್ಡು ಅರವತ್ತೈದು. ಒಂಬತ್ತು ದಿನ ಹಾಳೆ ತೂತು ಬೀಳುವಂತೆ ಜಗಳವಾಡಿದ್ದು ಆ ಒಂದು ಡಿಗ್ರಿಗಾಗಿ.

"ಇದು ಪಂಕ್ತಿ ಅಲ್ರಪ್ಪಾ, ಸುತ್ತು" ಎಂದ ಮುದುಕ. "ನಿನ್ನ ಮುಟ್ಟಿದ ನೀರು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಅವಳನ್ನ ಮುಟ್ಟುತ್ತೆ, ತಿರುಗಿ ನಿನ್ನ ಹತ್ರಾನೇ ಬರುತ್ತೆ. ಯಾರದು ಎಂಜಲು ಹೇಳು? ನೀವು ಒಂದನ್ನ ಮಾತ್ರ ನೋಡ್ಕೊಳ್ಳಿ, ತೊಟ್ಟಿ ಪಂಪಿಗಿಂತ ಮುಂಚೆ ಇರ್ಬೇಕು. ಪಂಪು ಒಣಗಿದ್ರೆ ಇಬ್ರಿಗೂ ನೀರಿಲ್ಲ."

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋದ. ತಮ್ಮ ಜೇಬಿನಲ್ಲಿದ್ದ ನಕ್ಷೆಯನ್ನು ತೆಗೆದು ನಾಲ್ಕು ತುಂಡು ಮಾಡಿದ. ಅಕ್ಕ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದು ಕೂತಳು. ಅಂದಿನಿಂದ ಯಂತ್ರ ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ. ಮಳೆಗೆ ಎರಡು ದಿನ ಮುಂಚೆ ಚಿತ್ರ ಊರಿನವರ ಕೈಸೇರಿತು. ಆ ವರ್ಷ ಹೊಳೆ ಉಕ್ಕಿ ಕೆಳಗಿನ ಬೀದಿಗೆ ನೀರು ನುಗ್ಗಿದಾಗ, ಅಲ್ಲಿ ಒಬ್ಬರೂ ಇರಲಿಲ್ಲ. ಮಕ್ಕಳು ಮರಿ ಎಲ್ಲ ಕಟ್ಟಿಕೊಂಡು ಮೇಲಿನ ಬೀದಿಗೆ ಬಂದು ಸೇರಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಚನ್ನವೀರನನ್ನು ನೋಡಿದರು. ಅವನ ಒಂದು ಕೈ ಇನ್ನೂ ಗಂಟಿನ ಮೇಲೆಯೇ ಇತ್ತು. ಅವನು ಕತೆಯಲ್ಲಿ ಪೂರ್ತಿ ಮುಳುಗಿಹೋಗಿದ್ದ. ಒಂದು ಅನುಮಾನ ಮಾತ್ರ ಕೊರೆಯುತ್ತಿತ್ತು.

"ಗುರುಗಳೇ, ಕೊನೆಗೆ ಕೊಳವೆಯನ್ನು ಹೇಗೆ ಬಿಟ್ಟರು? ನೀರು ಮೊದಲು ಯಾರಿಗೆ ಹೋಗುತ್ತಿತ್ತು?"

"ಚನ್ನವೀರ, ಹೊಸ್ತಿಲಲ್ಲಿ ಕೂತು ಕೇಳಿದ ಈ ಕತೆಯಲ್ಲಿ ನಿನಗೆ ಸಿಗದೆ ಹೋದದ್ದು ಅದೊಂದೇ ತಾನೇ?" ಎಂದರು ಗುರುಗಳು.