ಜಾಲರಿಗೆ ಹತ್ತುವ ಇಲಿಗಳು

“ಮೇಡಂ, ಚಿತ್ರ ಚೆನ್ನಾಗಿ ಬರಲಿ ಎಂದು ಹೃದಯವನ್ನು ಸ್ವಲ್ಪ ನಿಧಾನ ಮಾಡಿದರೆ ತಪ್ಪೇನು?”

ಕತೆ ಹುಟ್ಟಿದ್ದು ಜೆಸಿಂತಾ ಕೇಳಿದ ಈ ಪ್ರಶ್ನೆಯಿಂದ. ಆ ಕತೆಯನ್ನು ಅವಳಿಗೆ ಮೊದಲು ಹೇಳಿದವರು ಗಂಗಾಂಬಿಕೆ ಮೇಡಂ. ಪಶುವೈದ್ಯ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಆ ಮೂವತ್ತು ವರ್ಷಗಳಲ್ಲಿ ಒಂದು ಪ್ರಶ್ನೆಗೂ ನೇರ ಉತ್ತರ ಕೊಟ್ಟವರಲ್ಲ ಎಂದು ಅವರ ಶಿಷ್ಯರೆಲ್ಲ ಹೇಳುತ್ತಾರೆ.

ಜೆಸಿಂತಾ ಪ್ರಬಂಧ ಒಪ್ಪಿಸಲು ಆರು ವಾರ ಉಳಿದಿತ್ತು. ನಲವತ್ತು ಇಲಿಗಳಲ್ಲಿ ಇಪ್ಪತ್ತೆಂಟರ ಹೃದಯವನ್ನು ಎಕ್ಸ್-ರೇ ಸ್ಕ್ಯಾನರಿನಲ್ಲಿ ನೋಡಿ ಮುಗಿಸಿದ್ದಳು. ಮೊದಮೊದಲು ಚಿತ್ರಗಳು ಮಸುಕಾಗಿ ಬಂದಾಗ ಅರಿವಳಿಕೆಯ ಅನಿಲವನ್ನು ಕೊಂಚ ಹೆಚ್ಚಿಸಿದ್ದಳು. ಇಲಿ ಗಾಢವಾಗಿ ಮಲಗಿತು, ಹೃದಯ ಮೆಲ್ಲಗೆ ಬಡಿಯಿತು, ಚಿತ್ರ ತಿಳಿಯಾಯಿತು. ಇದು ತಪ್ಪು ಎಂದಾದರೆ ಇಪ್ಪತ್ತೆಂಟನ್ನೂ ಮತ್ತೆ ಮಾಡಬೇಕು. ತಪ್ಪಲ್ಲ ಎಂದಾದರೆ ಊಟಕ್ಕೆ ಹೋಗಬಹುದು. ಅವಳು ಬುತ್ತಿಯನ್ನು ಜೊತೆಯಲ್ಲೇ ತಂದಿದ್ದಳು.

ಮೇಡಂ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ತೊಳೆದಿಟ್ಟ ಕವಡೆಯ ಹಾಗಿದೆ,” ಎಂದರು. “ಕೂತುಕೋ.”

ಕೂತುಕೋ ಎಂದರೆ ಊಟ ತಡ ಎಂದು ಜೆಸಿಂತಾಗೆ ಗೊತ್ತಾಯಿತು. ಮೇಡಂ ಕತೆ ಶುರು ಮಾಡಿದರು.

ಒಂದು ಪ್ರಯೋಗಾಲಯದಲ್ಲಿ ಒಬ್ಬ ಸಂಶೋಧಕನಿದ್ದ. ಸೋತ ಹೃದಯಕ್ಕೆ ಬಲ ಕೊಡಬಹುದಾದ ಒಂದು ಮದ್ದನ್ನು ಅವನು ಕಂಡುಹಿಡಿದಿದ್ದ. ಅದರ ಹಿಂದೆ ಹತ್ತು ವರ್ಷ ಅಲೆದಿದ್ದ. ಮದ್ದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಇಲಿಗಳಲ್ಲಿ ನೋಡಬೇಕಿತ್ತು.

ಅವನ ಗುರುವಿನ ಕಾಲದಲ್ಲಿ ಇಲಿಯ ಹೃದಯ ನೋಡಬೇಕೆಂದರೆ ಇಲಿ ಸಾಯಬೇಕಿತ್ತು. ಆಗ ಹೃದಯವೇನೋ ಕೈಗೆ ಸಿಗುತ್ತಿತ್ತು, ಬಡಿತ ಸಿಗುತ್ತಿರಲಿಲ್ಲ. ಇವನ ಕಾಲಕ್ಕೆ ಹೊಸ ಎಕ್ಸ್-ರೇ ಯಂತ್ರ ಬಂತು. ನಿದ್ದೆ ಹೋದ ಇಲಿಯ ಸುತ್ತ ಅದು ತಿರುಗುತ್ತಿತ್ತು. ನೂರಾರು ದಿಕ್ಕಿನಿಂದ ಚಿತ್ರ ತೆಗೆಯುತ್ತಿತ್ತು. ಎಲ್ಲವನ್ನೂ ಕೂಡಿಸಿ, ಎದೆಗೆ ಒಂದು ಗೀರೂ ಹಾಕದೆ, ಒಳಗಿನ ಹೃದಯವನ್ನು ಹೊರಗೆ ತೋರಿಸುತ್ತಿತ್ತು. ಅರ್ಧ ಗಂಟೆಯ ಮೇಲೆ ಇಲಿ ಎದ್ದು, ಮೈ ಕೊಡವಿಕೊಂಡು, ತಿನ್ನಲು ಹೋಗುತ್ತಿತ್ತು. ಸಂಶೋಧಕ ಮೊದಲ ದಿನ ಆ ಯಂತ್ರದ ಎದುರು ಕೈಮುಗಿದ ಎನ್ನುತ್ತಾರೆ.

ಎರಡನೆಯ ದಿನ ಬೈದ. ಏಕೆಂದರೆ ಇಲಿಯ ಹೃದಯ ಹುಣಸೆ ಬೀಜದಷ್ಟು. ಅದು ಸೆಕೆಂಡಿಗೆ ಹತ್ತು ಸಲ ಬಡಿಯುತ್ತದೆ. ಯಂತ್ರ ಒಂದು ಸುತ್ತು ಬರುವಷ್ಟರಲ್ಲಿ ಅದು ನೂರಾರು ಸಲ ಮುದುಡಿ ಅರಳಿರುತ್ತದೆ. ಚಿತ್ರದಲ್ಲಿ ಬಂದದ್ದು ಅನ್ನದ ಪಾತ್ರೆಯ ಮೇಲಿನ ಹಬೆಯಂಥದ್ದು.

ಅವನು ಅರಿವಳಿಕೆ ಹೆಚ್ಚಿಸಿದ. ಬಡಿತ ಅರ್ಧಕ್ಕಿಳಿಯಿತು. ಚಿತ್ರ ನಿಚ್ಚಳವಾಯಿತು. ಅದರಲ್ಲೊಂದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಬಂದವರೆಲ್ಲ ಅದರ ಮುಂದೆ ನಿಂತು ತಲೆದೂಗಿದರು. ಅವರಲ್ಲಿ ಒಬ್ಬರೂ ಆ ಇಲಿಯನ್ನು ನೋಡಿದವರಲ್ಲ.

ಸೋತ ಹೃದಯದ ಇಲಿಗಳು ಹನ್ನೆರಡು. ಪಂಜರಕ್ಕೊಂದು. ಆರಕ್ಕೆ ಮದ್ದು, ಆರಕ್ಕೆ ಬರಿ ನೀರು. ಯಾವುದಕ್ಕೆ ಯಾವುದು ಎಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದರು. ನೋಡುವವನ ಕಣ್ಣು ಆಸೆಗೆ ಬೀಳಬಾರದು ಎಂದು. ಹನ್ನೆರಡೂ ಹೃದಯಗಳನ್ನು ಅಳೆದ ಮೇಲೆ ಅವನು ಲಕೋಟೆ ಒಡೆದ. ಮದ್ದು ಕುಡಿದ ಹೃದಯ, ನೀರು ಕುಡಿದ ಹೃದಯ, ಎರಡೂ ಒಂದೇ. ಎರಡೂ ಸೋತಿದ್ದವು.

ಹತ್ತು ವರ್ಷ ಹೋಯಿತು ಎಂದುಕೊಂಡ. ಆದರೂ ಅವನು ಪ್ರಾಮಾಣಿಕ. ಮದ್ದಿನಿಂದ ಪ್ರಯೋಜನವಿಲ್ಲ ಎಂದು ಬರೆಯಲು ಕೂತ. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ಹೆಂಗಸನ್ನು ಕರೆದು, ನಾಳೆ ಹನ್ನೆರಡೂ ಪಂಜರ ಖಾಲಿಯಾಗುತ್ತವೆ ಎಂದ. ಅಲ್ಲಿ ಪಂಜರ ಖಾಲಿಯಾಗುವುದೆಂದರೆ ಇಲಿಗಳ ಆಯುಸ್ಸು ಮುಗಿಯುವುದು ಎಂದೇ ಅರ್ಥ.

ಆ ಹೆಂಗಸು ಹದಿನೆಂಟು ವರ್ಷದಿಂದ ಅಲ್ಲಿ ಹೊಟ್ಟು ಬದಲಿಸಿ, ನೀರಿನ ಬಾಟಲಿ ತೊಳೆದು, ಇಲಿಗಳಿಗೆ ತಿನ್ನಲು ಕೊಡುತ್ತಿದ್ದಳು. ಹೊರಡುವಾಗ ಗೋಡೆಯ ಚಿತ್ರದ ಮುಂದೆ ನಿಂತಳು.

“ಇದ್ಯಾರ ಗುಂಡಿಗೆ ಸಾರ್?”

“ಏಳನೇ ಪಂಜರದ್ದು.”

“ಏಳನೇದಾ? ಇರಲಾರದು ಬಿಡಿ.”

“ಯಂತ್ರ ಸುಳ್ಳು ಹೇಳುತ್ತದಾ?”

“ಯಂತ್ರದ ವಿಚಾರ ನನಗೆ ಗೊತ್ತಿಲ್ಲಪ್ಪ. ಏಳನೇದರ ವಿಚಾರ ಗೊತ್ತು. ಬೆಳಿಗ್ಗೆ ನನ್ನ ಚಪ್ಪಲಿ ಸದ್ದಿಗೇ ಮೇಲಿನ ಜಾಲರಿಗೆ ಹತ್ತಿ ನೇತಾಡ್ತಿರತ್ತೆ, ತಿಂಡಿಪೋತ. ಈ ಗುಂಡಿಗೆ ನೋಡಿ, ಒಣಗಿದ ಬದನೆಕಾಯಿ ಹಾಗಿದೆ. ಇದನ್ನ ಇಟ್ಕೊಂಡು ಅದು ಹತ್ತುತ್ತಾ?”

“ಎಲ್ಲ ಇಲಿಯೂ ಹತ್ತುತ್ತವೆ.”

“ಎಲ್ಲಿ ಹತ್ತುತ್ತವೆ? ಏಳು, ಎರಡು, ಹನ್ನೊಂದು, ಐದು, ಎಂಟು, ಹನ್ನೆರಡು. ಅಷ್ಟೇ. ಮಿಕ್ಕವು ಕೂತಲ್ಲೇ ಕೂತು ಏದುಸಿರು ಬಿಡ್ತವೆ. ತಿನ್ನೋದನ್ನ ಬಾಯಿ ಹತ್ತಿರ ಇಡಬೇಕು ಅವಕ್ಕೆ.”

ಸಂಶೋಧಕ ಪಟ್ಟಿ ತೆಗೆದು ನೋಡಿದ. ಮದ್ದು ಕುಡಿದ ಇಲಿಗಳ ಸಂಖ್ಯೆಗಳು ಆ ಆರೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

“ಈ ಪಟ್ಟಿ ನಿನಗೆ ತೋರಿಸಿದವರು ಯಾರಮ್ಮ?”

“ನನಗ್ಯಾಕೆ ಪಟ್ಟಿ? ನೀವು ನೋಡುವಾಗ ಅವು ಮಲಗಿರ್ತವೆ. ನಾನು ನೋಡುವಾಗ ಎದ್ದಿರ್ತವೆ.”

ಆಗ ಅವನಿಗೆ ಅರ್ಥವಾಯಿತು. ಗಾಢ ಅರಿವಳಿಕೆ ಗಟ್ಟಿ ಹೃದಯವನ್ನೂ ಸೋತ ಹೃದಯವನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿಬಿಟ್ಟಿತ್ತು. ತಾನು ಇಷ್ಟು ದಿನ ಅಳೆದದ್ದು ಅರಿವಳಿಕೆಯನ್ನು.

“ಎದ್ದಿದ್ದರೆ ನನಗೆ ಸಿಗುವುದಿಲ್ಲವಲ್ಲ,” ಎಂದ. “ಓಡುವುದನ್ನು ಹಿಡಿಯುವುದು ಹೇಗೆ?”

ಅವನು ಹೃದಯದ ಮಾತು ಆಡಿದ್ದ. ಅವಳು ಇಲಿಯ ಮಾತೆಂದುಕೊಂಡು ನಕ್ಕಳು. ಅವನನ್ನು ಪ್ರಾಣಿಗಳ ಕೋಣೆಗೆ ಕರೆದೊಯ್ದು, ಏಳನೇ ಪಂಜರದ ಮುಚ್ಚಳ ಸರಿಸಿ, ಅಂಗೈಯನ್ನು ಒಂದು ಮೂಲೆಯಲ್ಲಿಟ್ಟು ಸುಮ್ಮನೆ ನಿಂತಳು. ಇಲಿ ಗೋಡೆಗುಂಟ ಓಡಿತು. ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಮೂರನೆಯ ಸುತ್ತಿಗೆ ಅಂಗೈ ಮೇಲೆ ಹತ್ತಿತು.

“ಇಲಿ ಗೋಡೆ ಬಿಟ್ಟು ಓಡಲ್ಲ ಸಾರ್. ಎಷ್ಟು ಜೋರಾಗಿ ಓಡಿದರೂ ಈ ಮೂಲೆಗೆ ಬರಲೇಬೇಕು. ಅಟ್ಟಿಸಿಕೊಂಡು ಹೋದೋರಿಗೆ ಸಿಗಲ್ಲ, ಕಾದೋರಿಗೆ ಸಿಗತ್ತೆ.”

ಸಂಶೋಧಕ ಅಲ್ಲೇ ಇದ್ದ ಹೊಟ್ಟಿನ ಮೂಟೆಯ ಮೇಲೆ ಕೂತ. ಹೃದಯವೂ ಎಷ್ಟು ಜೋರಾಗಿ ಬಡಿದರೂ ಪ್ರತಿ ಬಡಿತಕ್ಕೂ ಅದೇ ಮೂಲೆಗೆ ಬರುತ್ತದೆ. ತುಂಬುತ್ತದೆ, ಹಿಂಡುತ್ತದೆ, ಮತ್ತೆ ತುಂಬುತ್ತದೆ.

ಪಂಜರ ಖಾಲಿ ಮಾಡುವುದು ಬೇಡ ಎಂದ. ಯಂತ್ರವನ್ನು ಬಿಚ್ಚಿ ಹೊಸದಾಗಿ ಹೊಂದಿಸಿದ. ಅರಿವಳಿಕೆಯನ್ನು ಇಲಿ ಅಲುಗದಷ್ಟಕ್ಕೆ ಇಳಿಸಿದ. ಅದರ ಮೈ ತಣ್ಣಗಾಗದಂತೆ ಕೆಳಗೆ ಬೆಚ್ಚನೆಯ ಹಾಸು ಹಾಕಿದ. ಅಂಗಾಲಿಗೆ ತಂತಿ ಮುಟ್ಟಿಸಿ, ಬಡಿತದ ಸುದ್ದಿ ಯಂತ್ರಕ್ಕೆ ತಲುಪುವಂತೆ ಮಾಡಿದ. ಹೃದಯ ತುಂಬಿದ ಕ್ಷಣಕ್ಕೆ ಎಕ್ಸ್-ರೇ ಒಮ್ಮೆ ಕಣ್ಣು ತೆರೆಯಬೇಕು. ಮುಚ್ಚಬೇಕು. ಮುಂದಿನ ಬಡಿತದಲ್ಲಿ ಅದೇ ಕ್ಷಣಕ್ಕೆ ಮತ್ತೆ ತೆರೆಯಬೇಕು. ಇಲಿ ಉಸಿರೆಳೆಯುತ್ತಿದ್ದರೆ ಆ ಬಡಿತವನ್ನು ಬಿಟ್ಟು ಕಾಯಬೇಕು. ಹೃದಯ ಹಿಂಡಿದ ಕ್ಷಣಕ್ಕೂ ಹಾಗೆಯೇ. ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ ಎಳೆಯಿತು.

ಇಲ್ಲಿಗೆ ಬಂದಾಗ ಗಂಗಾಂಬಿಕೆ ಮೇಡಂ ದನಿ ತಗ್ಗಿಸಿದರು. ತರಗತಿಯಲ್ಲಿ ಅವರು ಹಾಗೆ ಮಾತನಾಡಿದ್ದನ್ನು ಜೆಸಿಂತಾ ಕೇಳಿರಲಿಲ್ಲ.

“ಒಂದು ಬಡಿತದಿಂದ ಒಂದು ಚೂರು. ಇನ್ನೊಂದು ಬಡಿತದಿಂದ ಇನ್ನೊಂದು ಚೂರು. ಸಾವಿರ ಬಡಿತಗಳು ತಲಾ ಒಂದೊಂದು ಚೂರು ಕೊಟ್ಟು ಕೂಡಿಸಿದ ಒಂದು ಬಡಿತ, ಜೆಸಿಂತಾ. ಯಾವ ಇಲಿಯನ್ನೂ ಸೀಳಲಿಲ್ಲ, ಯಾವ ಹೃದಯವನ್ನೂ ತಡೆದು ನಿಲ್ಲಿಸಲಿಲ್ಲ. ಹುಣಸೆ ಬೀಜದಷ್ಟರ ಒಳಗೆ ರಕ್ತ ತುಂಬುವುದನ್ನು ಮನುಷ್ಯ ಕೂತು ನೋಡಿದ. ಇದಕ್ಕಿಂತ ದೊಡ್ಡ ಸೌಜನ್ಯವನ್ನು ನಮ್ಮ ವಿದ್ಯೆಯಲ್ಲಿ ನಾನು ಕಂಡಿಲ್ಲ.”

ಹೊಸ ಚಿತ್ರದ ಅಂಚು ಹಳೆಯದರಷ್ಟು ಚೂಪಾಗಿರಲಿಲ್ಲ. ಆದರೆ ಆರು ಹೃದಯಗಳು ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆ ಹಿಂಡುತ್ತಿದ್ದವು. ಆರು ಹಿಂಡಲಾರದೆ ಸೋಲುತ್ತಿದ್ದವು. ಸಂಶೋಧಕ ಗೋಡೆಯ ಚೌಕಟ್ಟನ್ನು ತಾನೇ ಇಳಿಸಿದ. ಆ ಹೆಂಗಸನ್ನು ಕರೆದು, ಯಾವುದೆಂದು ಹೇಳದೆ, ಪರದೆಯ ಮೇಲೆ ಒಂದೊಂದೇ ಹೃದಯ ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೋಡಿದಳು. ಒಂದರ ಮುಂದೆ ಅವಳ ಮುಖ ಅರಳಿತು.

“ಹೂಂ. ಇದೇ ನೋಡಿ ತಿಂಡಿಪೋತ.”

ಅದು ಏಳನೆಯದೇ ಆಗಿತ್ತು.

ಮೇಡಂ ಕತೆ ನಿಲ್ಲಿಸಿ ಕನ್ನಡಕ ತೆಗೆದರು. ಜೆಸಿಂತಾ ತನ್ನ ಕವಡೆಯಂಥ ಚಿತ್ರವನ್ನು ನೋಡಿದಳು, ಬುತ್ತಿಯನ್ನು ನೋಡಿದಳು.

“ಆರು ವಾರದಲ್ಲಿ ಮುಗಿಯುತ್ತದಾ ಮೇಡಂ?”

“ಅದು ನನಗೆ ಗೊತ್ತಿಲ್ಲ. ಮುಂದಿನ ವರ್ಷ ಬರುವವರಿಗೆ ಈ ಕತೆಯನ್ನು ನೀನೇ ಹೇಳಬೇಕು, ಅಷ್ಟು ಗೊತ್ತು. ಹೇಳಿ ಮುಗಿಸಿದ ಕೂಡಲೇ ಅವರು ಒಂದು ಮಾತು ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರು.”

“ಏನು ಕೇಳುತ್ತಾರೆ?”

“ನಿನ್ನ ಇಪ್ಪತ್ತೆಂಟರಲ್ಲಿ ಜಾಲರಿಗೆ ಹತ್ತುತ್ತಿದ್ದವು ಯಾವುವು ಅಂತ.”

ಜೆಸಿಂತಾ ಲ್ಯಾಪ್‌ಟಾಪ್ ಮುಚ್ಚಿದಳು. ಬುತ್ತಿ ಬಿಚ್ಚದೆ ಇಲಿಗಳ ಕೋಣೆಯ ಕಡೆ ಹೊರಟಳು.