ಟೆಟ್ರಾಬ್ರಾಂಕಿಯಾಟಾ ಆದ ಸುರುಳಪ್ಪ

ಮಕ್ಕಳೇ, ದೂರದ ಸಮುದ್ರದಲ್ಲಿ ಒಂದು ಹವಳದ ದಿಬ್ಬ. ಅಲ್ಲಿ ಸುರುಳಪ್ಪ ಎಂಬ ನಾಟಿಲಸ್ ಇದ್ದ, ಚಿಪ್ಪು ಹೊತ್ತ ಕಡಲಪ್ರಾಣಿ. ಅವನ ಸುರುಳಿ ಚಿಪ್ಪಿನೊಳಗೆ ಸಾಲು ಕೋಣೆಗಳು. ಬಾಗಿಲ ಕೋಣೆಯಲ್ಲಿ ಅವನ ವಾಸ. ಉಳಿದವು ಗಾಳಿ ತುಂಬಿಕೊಂಡು ಅವನನ್ನು ತೇಲಿಸುತ್ತಿದ್ದವು.

ನಾಟಿಲಸ್ ನೀರು ಚಿಮ್ಮಿಸುತ್ತಾ ಹಿಂದಹಿಂದಕ್ಕೇ ಈಜುತ್ತದೆ. ಹೋಗುವ ದಾರಿ ತನಗೇ ಕಾಣದು. ಅದಕ್ಕೇ ಪಕ್ಕದ ಮನೆಯ ಬೊಂಡಾಸಕ್ಕ ದಿನವೂ "ಎಡಕ್ಕೆ, ಬಲಕ್ಕೆ" ಎಂದು ಕೂಗಿ ಹೇಳುತ್ತಿದ್ದಳು. ಬೊಂಡಾಸ್ ಎಂದರೆ ಹತ್ತು ತೋಳಿನ ಮೆತ್ತನೆ ಪ್ರಾಣಿ. ಚಿಪ್ಪೂ ಇಲ್ಲ, ಜಂಬವೂ ಇಲ್ಲ.

ಒಂದು ದಿನ ಆಮೆಯಜ್ಜ ಬಂದು ಹೇಳಿದ: "ದೋಣಿಯಲ್ಲಿ ಒಬ್ಬ ಮೇಷ್ಟ್ರು ನಿನ್ನ ಕುಲಕ್ಕೆ ಟೆಟ್ರಾಬ್ರಾಂಕಿಯಾಟಾ ಅಂದರು ಕಣೋ. ಅಂದರೆ ನಾಲ್ಕು ಕಿವಿರಿನಲ್ಲಿ ಉಸಿರಾಡುವವರು. ಬೊಂಡಾಸಕ್ಕನವರಿಗೆ ಎರಡೇ ಅಂತೆ."

ಅಷ್ಟೇ ಸಾಕಾಯಿತು. ಆ ರಾತ್ರಿ ಸುರುಳಪ್ಪ ತನ್ನ ಕಿವಿರುಗಳನ್ನು ಹತ್ತು ಸಲ ಎಣಿಸಿಕೊಂಡ.

ಬೆಳಗಾಯಿತು. "ಸುರುಳಪ್ಪ, ಸ್ವಲ್ಪ ಎಡಕ್ಕೆ ಬಾ" ಎಂದಳು ಬೊಂಡಾಸಕ್ಕ.

"ಟೆಟ್ರಾಬ್ರಾಂಕಿಯಾಟಾ ಅನ್ನು. ಎರಡು ಕಿವಿರಿನವಳು ನನಗೆ ದಾರಿ ಹೇಳಬೇಕಾ?"

"ಕಿವಿರು ನಾಲ್ಕಿದ್ದರೇನಪ್ಪ, ಬೆನ್ನಿಗೆ ಕಣ್ಣಿಲ್ಲವಲ್ಲ. ಹಿಂದುಗಡೆ ಹೆಬ್ಬಾಯಿ ಮೀನು ಕೂತಿದೆ."

"ಹೊಟ್ಟೆಕಿಚ್ಚು ನಿನಗೆ" ಎಂದು ಸುರುಳಪ್ಪ ರಭಸದಿಂದ ಹಿಂದಕ್ಕೆ ಚಿಮ್ಮಿದ. ನೆಟ್ಟಗೆ ಹೋಗಿ ಮೀನಿನ ಬಾಯಿಗೇ ಬಿದ್ದ.

ಹಲ್ಲುಗಳು ಚಿಪ್ಪಿನ ಮೇಲೆ ಕರಕರ ಎಂದವು. ಸುರುಳಪ್ಪ ಮುದುಡಿ ಒಳಸೇರಿದ. ಚಿಪ್ಪು ಒಡೆದರೆ ಕೋಣೆಗಳಿಗೆ ನೀರು ನುಗ್ಗುತ್ತದೆ, ಅವನು ಮತ್ತೆ ತೇಲುವಂತಿಲ್ಲ. ನಾಲ್ಕೂ ಕಿವಿರುಗಳಲ್ಲಿ ಉಸಿರು ನಿಂತಂತಾಯಿತು.

"ಅಕ್ಕಾ" ಎಂದ, ಮೆಲ್ಲಗೆ.

ಬೊಂಡಾಸಕ್ಕ ಬಾಣದಂತೆ ಬಂದು ಮೀನಿನ ಮುಖಕ್ಕೆ ಕಪ್ಪು ಮಸಿ ಉಗುಳಿದಳು. ಕಣ್ಣು ಕಾಣದೆ ಮೀನು ಬಾಯಿ ಬಿಟ್ಟಿತು. ಅವಳು ಹತ್ತೂ ತೋಳುಗಳಿಂದ ಅವನನ್ನು ಸೆಳೆದುಕೊಂಡಳು. ಚಿಪ್ಪಿನ ಅಂಚು ಚೂರು ಮುಕ್ಕಾಗಿತ್ತು, ಅಷ್ಟೇ.

"ನನ್ನ ಹತ್ತಿರ ಇಂಥ ಮಸಿ ಇಲ್ಲವಲ್ಲಕ್ಕ" ಎಂದ ಸುರುಳಪ್ಪ.

"ಮೇಷ್ಟ್ರು ನಿನ್ನಲ್ಲಿ ಇರುವುದನ್ನು ಎಣಿಸಿದರು. ಇಲ್ಲದ್ದನ್ನು ಎಣಿಸಲು ಅವರಿಗೆ ಪುರಸೊತ್ತು ಎಲ್ಲಿತ್ತು?"

ಮನೆ ಮುಟ್ಟುವವರೆಗೂ ಅವಳು ಅವನನ್ನು ಬೈದಳು. ಅವನು ಎಲ್ಲವನ್ನೂ ಗಮನವಿಟ್ಟು ಕೇಳಿದ. ಬೈಗುಳದ ನಡುನಡುವೆ "ಎಡಕ್ಕೆ, ಬಲಕ್ಕೆ" ಎಂಬ ದಾರಿಯೂ ಇತ್ತಲ್ಲ.

ನೀತಿ: ಹೆಸರು ಎಷ್ಟೇ ದೊಡ್ಡದಿರಲಿ, ನಮಗೆ ಕಾಣದ ಕಡೆ ಹೋಗುವಾಗ ಕಂಡವರ ಮಾತು ಕೇಳಬೇಕು.