ಒಂದು ಸೇರು ಹುಣಸೆಬೀಜ

ಓಬಣ್ಣ ಇಸ್ಪೀಟಿನಲ್ಲಿ ಒಡಹುಟ್ಟಿದ ತಮ್ಮನನ್ನೇ ಸೋತವನು. ಪಣಕ್ಕಿಡಲು ಬೇರೇನೂ ಉಳಿದಿರಲಿಲ್ಲವಂತೆ, ಪಾಪ! ಗೆದ್ದ ಪಟೇಲರ ಹಟ್ಟಿಯಲ್ಲಿ ತಮ್ಮ ಕರಿಯ ಜೀತಕ್ಕೆ ಬಿದ್ದ.

ಪಟೇಲರ ಜಗಲಿಯಲ್ಲಿ ಹುಣಸೆಬೀಜವೇ ಪಣ. ಅವರು ಓಬಣ್ಣನ ಕೈಗೆ ಒಂದು ಹಿಡಿ ಬೀಜ ಕೊಟ್ಟು, ಇದನ್ನು ಒಂದು ಸೇರು ಮಾಡಿದರೆ ಹುಡುಗನನ್ನು ಬಿಡುತ್ತೇನೆ, ಕೈ ಖಾಲಿಯಾದರೆ ಅವನು ಸಾಯುವತನಕ ಇಲ್ಲೇ ಅಂದಿದ್ದರು.

ಓಬಣ್ಣ ಸುಮಾರಾದ ಎಲೆ ಬಂದರೂ ಇದ್ದದ್ದನ್ನೆಲ್ಲ ನೂಕಿಬಿಡುತ್ತಿದ್ದ. ಅದೃಷ್ಟ ಕೈ ಹಿಡಿಯಿತು. ಈಗ ಸೇರು ತುಂಬಲು ಒಂದೇ ಹಿಡಿ ಬಾಕಿ.

ಅವನ ಗುರು ಬೂದಿಸ್ವಾಮಿ ಹೊಳೆದಂಡೆಯ ಗವಿಯಲ್ಲಿದ್ದರು. ಹಿಂದೊಮ್ಮೆ ಅವರೂ ಎಲೆ ಹಿಡಿದವರೇ. ಓಬಣ್ಣ ಹೋಗಿ ಕಾಲಿಗೆ ಬಿದ್ದ.

"ನಾಳೆ ಹೇಗೆ ಆಡ್ತೀಯ?"

"ಇಷ್ಟು ದಿನ ಆಡಿದ ಹಾಗೇ, ಬುದ್ಧಿ."

ಸ್ವಾಮಿಗಳು ಅವನನ್ನು ಪಾದ ಮುಳುಗುವಷ್ಟು ನೀರಿಗೆ ಕರೆದೊಯ್ದು ಬೆನ್ನಿಗೆ ಕೈಕೊಟ್ಟು ತಳ್ಳಿದರು. ಓಬಣ್ಣ ಮುಗ್ಗರಿಸಿ ಬಿದ್ದು, ನಗುತ್ತ ಎದ್ದ. ಆಮೇಲೆ ಮಡುವಿನ ಅಂಚಿಗೆ ಕರೆದೊಯ್ದರು. ಬೆನ್ನಿಗೆ ಕೈ ತಾಕಿದ್ದೇ ತಡ, ಅವನು ಬಂಡೆ ತಬ್ಬಿಕೊಂಡ.

"ತಳ್ಳೋ ಕೈ ಅದೇ. ಇಲ್ಲಿ ಯಾಕೆ ನಗಲಿಲ್ಲ?"

ಮುದುಕರಿಗೆ ಅರಳುಮರಳು ಅಂದುಕೊಂಡು ಓಬಣ್ಣ ಹೊರಟುಹೋದ.

ಮರುದಿನ ಅವನಿಗೆ ಜೋಡಿ ರಾಜ ಬಂತು. ಒಂದು ಹಿಡಿ ಹಾಕಿದ. ಪಟೇಲರು ಮೂರು ಹಿಡಿ ಹಾಕಿದರು. ಅಲ್ಲೇ ಎಲೆ ಕೆಳಗಿಟ್ಟಿದ್ದರೆ ಹೋಗುತ್ತಿದ್ದದ್ದು ಅದೊಂದೇ ಹಿಡಿ. ಆದರೆ ಅಷ್ಟು ಚಂದದ ಜೋಡಿಯನ್ನು ಬಿಡಲು ಮನಸ್ಸು ಬರಬೇಕಲ್ಲ! ರಾಶಿಯನ್ನೆಲ್ಲ ನೂಕಿದ. ಪಟೇಲರೂ ಅಷ್ಟೇ ನೂಕಿ, ಯಾವ ಜೋಡಿಯನ್ನೂ ಮೀರಿಸುವ ಮೂರು ಏಳಿನೆಲೆ ಬಿಚ್ಚಿ ತೋರಿಸಿದರು.

ಸಂಜೆ ಓಬಣ್ಣ ಗವಿಯ ಮುಂದೆ ಕುಸಿದು ಕೂತು ಎದೆ ಬಡಿದುಕೊಂಡು ಅತ್ತ. ತನ್ನ ಮೇಲೇ ಅವನಿಗೆ ಹೇಸಿಗೆಯಾಗಿತ್ತು. ಹೊಳೆಯಾಚೆ ಪಟೇಲರ ಹಟ್ಟಿ ಕಾಣುತ್ತಿತ್ತು. ಕರಿಯ ದನ ಕಟ್ಟಿ ಬಂದು, ಅಣ್ಣ ಕರೆಯಲು ಬರುತ್ತಾನೆಂದು ಗೇಟಿನ ಬಳಿ ನಿಂತಿದ್ದ.

"ಎಲೆ ಒಳ್ಳೇದೇ ಬಂದಿತ್ತು ಬುದ್ಧಿ," ಎಂದ ಓಬಣ್ಣ. "ಹೋದ ವಾರ ರಾಶಿ ಎರಡೇ ಹಿಡಿ ಇದ್ದಾಗ ಅದೇ ಜೋಡೀಲಿ ಗೆದ್ದಿದ್ದೆ."

ಸ್ವಾಮಿಗಳು ಆಚೆ ದಡದ ಗೇಟಿನ ಬಳಿ ನಿಂತ ಕರಿಯನತ್ತ ಕೈ ತೋರಿಸಿದರು.

"ಹೋಗು. ಎಲೆ ಒಳ್ಳೇದಿತ್ತು ಅಂತ ಅವನಿಗೆ ಹೇಳಿ ಬಾ."